ಬಾಯಾರಿದವರ ಎದುರು ಕೂತು

ಕೇಳಿದವರಿಗೆ ನೀರು ಇಲ್ಲ ಎನ್ನಬಾರದು. ನಮ್ಮೂರು ಮುದನಾಳದಲ್ಲಿ ಇದನ್ನು ಯಾರೂ ಮಕ್ಕಳನ್ನು ಕೂರಿಸಿಕೊಂಡು ಹೇಳಿಕೊಡುವುದಿಲ್ಲ, ಹಿರಿಯರನ್ನು ನೋಡಿಯೇ ಕಲಿಯುತ್ತೇವೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುವ ಸೀಮೆ ನಮ್ಮದು. ಮನೆಗೆ ಯಾರೇ ಬರಲಿ, ಯಾವ ಊರು, ಏನು ಕೆಲಸ ಎಂದು ಕೇಳುವ ಮೊದಲು ತಂಬಿಗೆ ನೀರು ಮುಂದಿಡಬೇಕು. ನಮ್ಮವ್ವ ಬೇಸಿಗೆಯಲ್ಲಿ ಹರವಿಗೆ ಹಸಿ ಬಟ್ಟೆ ಸುತ್ತಿ ಕಟ್ಟೆಯ ಮೇಲೆ ಇಡುತ್ತಿದ್ದಳು. ಯಾದಗಿರಿಗೆ ಹೋಗಿ ಬರುವವರು ನಮ್ಮನ್ನು ಕೇಳದೆಯೇ ಮೊಗೆದು ಕುಡಿದು ಹೋಗುತ್ತಿದ್ದರು. ಕೊಟ್ಟರೆ ಎಷ್ಟು ಪುಣ್ಯ ಎಂಬ ಲೆಕ್ಕ ಅವಳಿಗಿರಲಿಲ್ಲ. ಕೊಡದಿದ್ದರೆ ಪಾಪ ಎಂಬುದು ಮಾತ್ರ ಗೊತ್ತಿತ್ತು.

ಆ ಮನೆಯಲ್ಲಿ ಬೆಳೆದ ನಾನು ಈಗ ದಿನವೂ ಮಾಡುವ ಕೆಲಸ, ಬಾಯಾರಿ ಕೂತವರಿಗೆ ನೀರು ಬೇಡ ಎನ್ನುವುದು. ನಾನು ಡಯಾಲಿಸಿಸ್ ವಿಭಾಗದ ನರ್ಸ್. ಈ ಕೆಲಸ ಕಲಿಯುವಾಗ ಸೂಜಿ, ಯಂತ್ರ, ಔಷಧದ ಪ್ರಮಾಣ ಎಲ್ಲವೂ ನಿಧಾನಕ್ಕೆ ಕೈಗೆ ಹತ್ತಿದವು. ಈ ಒಂದು ಮಾತು ಬಾಯಿಗೆ ಹತ್ತಲು ಬಹಳ ಕಾಲ ಬೇಕಾಯಿತು. ಅದು ಧರ್ಮವೋ ಅಧರ್ಮವೋ ಎಂಬ ಪ್ರಶ್ನೆಯನ್ನು ತರಗತಿಯಲ್ಲಿ ಯಾರೂ ಎತ್ತಲಿಲ್ಲ. ವಾರ್ಡಿನಲ್ಲಿ ರೋಗಿಗಳೇ ಎತ್ತಿದರು.

ಕಿಡ್ನಿಯ ಕೆಲಸವನ್ನು ಮೊದಲ ಸಲ ಓದಿದಾಗ ನನಗೆ ಭಕ್ತಿಯೇ ಹುಟ್ಟಿತ್ತು. ಮುಷ್ಟಿಗಾತ್ರದ ಎರಡು ಅಂಗಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ದೇಹಕ್ಕೆ ಬೇಕಾದುದನ್ನೆಲ್ಲ ರಕ್ತಕ್ಕೆ ಮರಳಿಸಿ, ಒಂದು ಒಂದೂವರೆ ಲೀಟರನ್ನು ಮಾತ್ರ ಮೂತ್ರವಾಗಿ ಹೊರಗೆ ಕಳಿಸುತ್ತವೆ. ಸಕ್ಕರೆ ಕಾಯಿಲೆ, ಬಿ.ಪಿ., ಕಲ್ಲು, ವರ್ಷಗಟ್ಟಲೆ ಚೀಟಿಯಿಲ್ಲದೆ ಅಂಗಡಿಯಿಂದ ತಂದು ನುಂಗಿದ ನೋವಿನ ಗುಳಿಗೆ, ಹೀಗೆ ಯಾವುದಾದರೊಂದು ದಾರಿಯಿಂದ ಅವು ಪೂರ್ತಿ ಕೆಟ್ಟ ಮೇಲೆ ಯಂತ್ರಕ್ಕೆ ಬರಬೇಕು. ವಾರಕ್ಕೆ ಎರಡು ಅಥವಾ ಮೂರು ಸಲ, ಸಲಕ್ಕೆ 4 ತಾಸು. ಕಿಡ್ನಿ ಹಗಲು ರಾತ್ರಿ ಮಾಡುತ್ತಿದ್ದುದನ್ನು ಯಂತ್ರ ವಾರದ 8 ಅಥವಾ 12 ತಾಸಿನಲ್ಲಿ ಮಾಡಬೇಕು. ನಡುವಿನ ದಿನಗಳಲ್ಲಿ ಕುಡಿದ ನೀರಿಗೆ ಹೊರಗೆ ಹೋಗಲು ಹೆಚ್ಚಿನ ದಾರಿಯಿಲ್ಲ. ಅದು ಮೊದಲು ಪಾದಕ್ಕೆ ಇಳಿಯುತ್ತದೆ, ಆಮೇಲೆ ಮುಖ ಬಾವು ಬರುತ್ತದೆ, ಕಡೆಗೆ ಪುಪ್ಪುಸವನ್ನು ಹೊಗುತ್ತದೆ. ಆಗ ಮನುಷ್ಯ ಮಲಗಲಾರ. ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತು, ದಡದ ಮೇಲಿದ್ದೂ ಮುಳುಗುತ್ತಿರುತ್ತಾನೆ.

ಹಾಗಾಗಿ ನಾವು ಮೊದಲು ಕಲಿಯುವುದು ತೂಕದ ಯಂತ್ರ ನೋಡುವುದನ್ನು. ಮೈಯಲ್ಲಿ ಹೆಚ್ಚಿನ ನೀರಿಲ್ಲದಾಗ ರೋಗಿಯ ತೂಕ ಎಷ್ಟು ಎಂದು ಡಾಕ್ಟರು ಗೊತ್ತು ಮಾಡಿರುತ್ತಾರೆ. ಅದಕ್ಕೆ ನಮ್ಮಲ್ಲಿ ಒಣ ತೂಕ ಎನ್ನುತ್ತೇವೆ. ಎರಡು ಡಯಾಲಿಸಿಸ್ ನಡುವೆ ಅದರ ಮೇಲೆ ಏರಿದ ಒಂದೊಂದು ಕಿಲೋ ಹೆಚ್ಚುಕಡಿಮೆ ಒಂದೊಂದು ಲೀಟರ್ ನೀರು. ಅದನ್ನು ಒಮ್ಮೆಲೇ ಎಳೆದುಬಿಡಲೂ ಬರುವುದಿಲ್ಲ. 50 ಕಿಲೋ ಆಳಿನಿಂದ 4 ತಾಸಿನಲ್ಲಿ ಎರಡೂವರೆ ಲೀಟರಿಗಿಂತ ಬಹಳ ಹೆಚ್ಚು ತೆಗೆಯಹೋದರೆ ಬಿ.ಪಿ. ಕುಸಿಯುತ್ತದೆ, ಮೀನಖಂಡ ಸೆಟೆದು ಗಂಟಾಗುತ್ತದೆ, ಕಣ್ಣಿಗೆ ಕತ್ತಲೆ ಬರುತ್ತದೆ. ದೊಡ್ಡ ಆಳುಗಳು ಕಾಲು ಹಿಡಿದುಕೊಂಡು ಕೂಗುವುದನ್ನು ಕಂಡಿದ್ದೇನೆ. ಹಿಂದಿನ ದಿನ ಆದ ಮೂತ್ರದಷ್ಟು, ಅದರ ಮೇಲೆ ಸುಮಾರು 500 ಮಿ.ಲೀ., ದಿನಕ್ಕೆ ಇಷ್ಟೇ ಕುಡಿಯಬೇಕು ಎಂಬ ನಿಯಮ ಹುಟ್ಟಿದ್ದು ಈ ಕಷ್ಟದಿಂದ. ಚಹಾ, ಸಾರು, ಮಜ್ಜಿಗೆ, ಅಂಬಲಿ ಎಲ್ಲವೂ ಆ ಲೆಕ್ಕದಲ್ಲೇ ಸೇರಬೇಕು. ಮೂತ್ರವೇ ನಿಂತುಹೋದವರಿಗೆ ಉಳಿಯುವುದು ಒಂದೆರಡು ಲೋಟ ಮಾತ್ರ.

ಡಯಾಲಿಸಿಸ್ ಕೋಣೆಯಲ್ಲಿ ಒಂದು ಸಂಗತಿ ನನ್ನನ್ನು ಇಂದಿಗೂ ಕಾಡುತ್ತದೆ. ರೋಗಿಯ ರಕ್ತ ಒಂದು ತೆಳುವಾದ ಪೊರೆಯ ಈಚೆಗೆ ಹರಿಯುತ್ತದೆ, ಆಚೆಗೆ ಶುದ್ಧ ಮಾಡಿದ ನೀರಿನಿಂದ ತಯಾರಿಸಿದ ದ್ರಾವಣ ಹರಿಯುತ್ತದೆ. ನಿಮಿಷಕ್ಕೆ 500 ಮಿ.ಲೀ. ಲೆಕ್ಕದಲ್ಲಿ 4 ತಾಸಿಗೆ 120 ಲೀಟರ್. ಯಾದಗಿರಿ ಜಿಲ್ಲೆಯ ಯಾವ ಮನೆಯೂ ಕುಡಿಯಲು ಕಾಣದಷ್ಟು ಶುದ್ಧವಾದ ನೀರು ಅದು. ಅದು ತೋಳಿನ ಪಕ್ಕದಲ್ಲೇ ಹರಿದು ಮೋರಿಗೆ ಹೋಗುತ್ತಿರುತ್ತದೆ. ಒಣಗಿದ ನಾಲಿಗೆಯನ್ನು ಅಂಗುಳಕ್ಕೆ ಅಂಟಿಸಿಕೊಂಡು ರೋಗಿ ಆ ಸಪ್ಪಳ ಕೇಳುತ್ತ ಮಲಗಿರುತ್ತಾನೆ.

ಸುರಪುರ ಕಡೆಯ ಒಬ್ಬ ಮುತ್ಯಾ ಬರುತ್ತಿದ್ದರು. ಒಕ್ಕಲುತನದವರು. ಮೊಹರಂ ಬಂದರೆ ಲಾಡಿ ಹಾಕಿ ಫಕೀರರಾಗುವ ಹಿಂದೂ ಮನೆತನ ಅವರದು. ನಮ್ಮ ಸೀಮೆಯಲ್ಲಿ ಇದು ಹೊಸತಲ್ಲ, ಅಲಾಯಿ ದೇವರು ಎಲ್ಲರ ದೇವರು. ಅವರ ಎಡಗೈಯ ಮಣಿಕಟ್ಟಿನ ಮೇಲೆ ಫಿಸ್ಟುಲಾ ಇತ್ತು. ಅಪಧಮನಿಯನ್ನು ಅಭಿಧಮನಿಗೆ ಜೋಡಿಸಿ ಹೊಲಿಯುವ ಈ ಉಪಾಯವನ್ನು 1966ರಲ್ಲಿ ನ್ಯೂಯಾರ್ಕಿನ ವೈದ್ಯರು ಪ್ರಕಟಿಸಿದರು. ಅದರಿಂದ ರಕ್ತನಾಳ ದಪ್ಪಗಾಗಿ ಯಂತ್ರದ ದೊಡ್ಡ ಸೂಜಿಯನ್ನು ಮತ್ತೆ ಮತ್ತೆ ತಡೆದುಕೊಳ್ಳುತ್ತದೆ. ಚುಚ್ಚುವ ಮೊದಲು ಅದರ ಮೇಲೆ ಬೆರಳಿಡಬೇಕು. ಒಳಗೆ ಸಣ್ಣಗೆ ಗುಂಯ್‌ಗುಡುವ ಕಂಪನ ಸಿಗಬೇಕು. ಸಿಗದಿದ್ದರೆ ನಾಳ ಮುಚ್ಚಿಕೊಂಡಿದೆ ಎಂದರ್ಥ. ಆ ಕೈಯಲ್ಲಿ ಬಿ.ಪಿ. ನೋಡಬಾರದು, ರಕ್ತ ತೆಗೆಯಬಾರದು, ಭಾರ ಎತ್ತಿಸಬಾರದು, ಕೈಯನ್ನು ತಲೆಯಡಿ ಇಟ್ಟು ಮಲಗಬಾರದು. ಬೆರಳಿಗೆ ಆ ಕಂಪನ ತಾಗಿದಾಗೆಲ್ಲ ಈ ಮನುಷ್ಯ ಇನ್ನೊಂದು ವಾರ ನಮ್ಮ ಜೊತೆ ಇರುತ್ತಾನೆ ಎಂದು ನನ್ನ ಮನಸ್ಸಿಗೆ ಅನಿಸುತ್ತದೆ.

ಆ ದಿನ ಮುತ್ಯಾರ ತೂಕ ಬಹಳ ಏರಿತ್ತು. ನೀರು ಕೇಳಿದರು. "ಇವತ್ತ ಆಗಂಗಿಲ್ರಿ ಮುತ್ಯಾ, ತೂಕ ನೋಡ್ರಿ" ಎಂದೆ. ಅವರು ಸಿಟ್ಟಾಗಲಿಲ್ಲ. ನನ್ನ ಮುಖ ನೋಡಿ ಹೇಳಿದರು, "ಯಜೀದ ಹೊಳಿಗಿ ಕಾವಲು ಕೂಡಿಸಿದ್ದನಂತ. ನೀನೂ ಹಂಗ ಕುಂತೀಯಲ್ಲವ್ವ."

ಕರ್ಬಲಾದ ಕತೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಕ್ರಿ.ಶ. 680ರಲ್ಲಿ ಯಜೀದನ ಸಿಪಾಯಿಗಳು ಯೂಫ್ರಟಿಸ್ ನದಿಯ ದಾರಿ ಕಟ್ಟಿ, ಪ್ರವಾದಿಯವರ ಮೊಮ್ಮಗ ಹುಸೇನರ ಕಡೆಯ ಹೆಂಗಸರು ಮಕ್ಕಳಿಗೂ ನೀರು ಸಿಗದಂತೆ ಮಾಡಿದರು. ನೀರು ತರಲು ಹೋದ ಹುಸೇನರ ತಮ್ಮ ಅಬ್ಬಾಸರು ಕೈ ಕಳೆದುಕೊಂಡು ಪ್ರಾಣ ಬಿಟ್ಟರು. ನಮ್ಮ ಹಳ್ಳಿಗಳ ರಿವಾಯತ ಪದಗಳಲ್ಲಿ ಅತ್ತು ಹಾಡುವುದು ಆ ಬಾಯಾರಿಕೆಯನ್ನೇ. ಮೊಹರಂ ದಿನಗಳಲ್ಲಿ ದಾರಿಯಲ್ಲಿ ಹೋಗುವವರಿಗೆಲ್ಲ ಪಾನಕ ಕೊಡುವುದೂ ಆ ನೆನಪಿಗಾಗಿಯೇ. ನೀರನ್ನು ತಡೆದವನು ಆ ಕತೆಯಲ್ಲಿ ಎಲ್ಲಕ್ಕಿಂತ ಕೆಟ್ಟವನು. ಮುತ್ಯಾ ನನ್ನನ್ನು ಅಲ್ಲಿ ನಿಲ್ಲಿಸಿದರು. ಉತ್ತರ ಹುಡುಕಬೇಕಾಯಿತು.

ಹಿಂದೂ ಪುರಾಣಕ್ಕೆ ಹೋದರೂ ಇದೇ ಕಟ್ಟಳೆ ಸಿಗುತ್ತದೆ. ಭಾಗವತದ ರಂತಿದೇವ 48 ದಿನ ಉಪವಾಸವಿದ್ದು, ಕೊನೆಗೆ ಉಳಿದ ಗುಟುಕು ನೀರನ್ನೂ ಬಾಯಾರಿ ಬಂದ ಅಂತ್ಯಜನಿಗೆ ಕೊಟ್ಟ. ತನಗೆ ಮೋಕ್ಷ ಬೇಡ, ಎಲ್ಲ ಜೀವಿಗಳ ಒಳಗಿದ್ದು ಅವರ ನೋವನ್ನು ತಾನು ಉಣ್ಣಬೇಕು ಎಂದು ಬೇಡಿದ. ಇನ್ನು ನಮ್ಮ ಸುರಪುರ ತಾಲೂಕಿನ ಮುದನೂರಿನವರೇ ಆದ ದೇವರ ದಾಸಿಮಯ್ಯನವರ ಕತೆ. ಕಷ್ಟಪಟ್ಟು ನೇಯ್ದ ಬಟ್ಟೆಯನ್ನು, ಚಳಿಯಲ್ಲಿ ನಡುಗುತ್ತ ಬಂದು ಕೇಳಿದ ಮುದುಕನಿಗೆ ಕೊಟ್ಟುಬಿಟ್ಟರು. ಆ ಮುದುಕ ಶಿವನೇ ಆಗಿದ್ದ, ಎಂದೂ ಬರಿದಾಗದ ತವನಿಧಿ ಕೊಟ್ಟ ಎಂದು ಹೇಳುತ್ತಾರೆ. ಈ ಕತೆಗಳಲ್ಲಿ ಕೊಡುವವನು ಒಂದು ಕ್ಷಣವೂ ತೂಗಿ ನೋಡುವುದಿಲ್ಲ. ನನ್ನ ಕೆಲಸವೋ ತೂಗಿ ನೋಡುವುದೇ.

ಇದಕ್ಕಿಂತ ಆಳವಾದ ಗಾಯದ ನೆನಪೊಂದಿದೆ. ನೀರು ಇಲ್ಲ ಎನ್ನುವ ಮಾತು ನಮ್ಮ ಸಮಾಜದಲ್ಲಿ ಕೆಲವರಿಗೆ ಮಾತ್ರ ತಲೆತಲಾಂತರದಿಂದ ಕೇಳಿಬಂದ ಮಾತು. ಬಾವಿಯ ಮೆಟ್ಟಿಲು ಇಳಿಯಬಾರದು, ಕೊಡ ಮುಟ್ಟಬಾರದು, ಮೇಲಿನಿಂದ ಸುರಿದರೆ ಬೊಗಸೆ ಒಡ್ಡಿ ಕುಡಿಯಬೇಕು. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಮಹಾಡದ ಚವದಾರ ಕೆರೆಗೆ ಇಳಿದು ನೀರು ಕುಡಿದದ್ದು ಇದರ ವಿರುದ್ಧ. ದಲಿತರ ಓಣಿಯಿಂದ ಬಂದ ತಾಯಿಯೊಬ್ಬಳಿಗೆ "ನೀರು ಕೊಡಂಗಿಲ್ಲ" ಎಂದು ನಾನು ಹೇಳಿದಾಗ ಅವಳ ಕಿವಿಗೆ ಏನು ಕೇಳಿಸಿರಬೇಕು? ಅವಳು ಮರುಮಾತಾಡದೆ ಸುಮ್ಮನಾದಳು. ಇಲ್ಲ ಎಂದರೆ ಸುಮ್ಮನಾಗಬೇಕೆಂದು ಅವಳಿಗೆ ಎಳೆತನದಿಂದ ರೂಢಿಯಾಗಿದೆ. ಮುತ್ಯಾರ ಮಾತಿಗಿಂತ ಆ ಮೌನ ನನಗೆ ಭಾರವಾಯಿತು.

ನನಗೆ ಸಿಕ್ಕ ಸಿದ್ಧ ಉತ್ತರಗಳಲ್ಲಿ ಯಾವುದೂ ಸಾಲಲಿಲ್ಲ. ಡಾಕ್ಟರು ಹೇಳಿದ್ದಾರೆ ಎಂಬುದು ಉತ್ತರವಲ್ಲ, ಯಜೀದನ ಸಿಪಾಯಿಗಳೂ ಅಪ್ಪಣೆ ಪಾಲಿಸಿದವರೇ. ಯಾವ ಜನ್ಮದ ಕರ್ಮವೋ ಎಂದು ನಿಟ್ಟುಸಿರು ಬಿಡುವವರ ಮಾತನ್ನಂತೂ ನಾನು ಒಪ್ಪುವುದಿಲ್ಲ. ಪುಟ್ಟ ಮಕ್ಕಳನ್ನೂ ಈ ಯಂತ್ರದ ಪಕ್ಕ ನೋಡಿದ್ದೇನೆ. ಆ ಮಾತಿನಿಂದ ಯಾವ ತಾಯಿಗೂ ಸಮಾಧಾನ ಆಗಿಲ್ಲ. ನಿಮ್ಮ ಒಳ್ಳೆಯದಕ್ಕೇ ಹೇಳುತ್ತೇವೆ ಎಂಬುದು ನಿಜ. ಆದರೆ ದಬ್ಬಾಳಿಕೆ ಮಾಡುವವರೂ ಅದೇ ಮಾತು ಹೇಳುತ್ತಾರೆ.

ಕೆಲಸ ಮಾಡುತ್ತ ಮಾಡುತ್ತ ನನಗೆ ತಿಳಿದದ್ದು ಇಷ್ಟು. ಕರ್ಬಲಾದಲ್ಲಿ, ಊರ ಬಾವಿಯ ಕಟ್ಟೆಯಲ್ಲಿ, ಇಲ್ಲ ಎಂದವರು ಆ ಬಾಯಾರಿಕೆಯಲ್ಲಿ ಪಾಲು ತೆಗೆದುಕೊಳ್ಳಲಿಲ್ಲ. ಇಲ್ಲ ಎಂದರು, ಎದ್ದು ಹೋದರು. ಪಾಪ ಇರುವುದು ಆ ಎದ್ದು ಹೋಗುವುದರಲ್ಲಿ. ನೀರು ಬೇಡ ಎಂದವರು ಅಲ್ಲೇ ಕೂರಬೇಕು, ಬಾಯಾರಿಕೆ ತಗ್ಗುವವರೆಗೂ ದುಡಿಯಬೇಕು. ಇದೇ ಮಾತು ಆಸ್ಪತ್ರೆಗೂ ಸಲ್ಲುತ್ತದೆ. 1962ರ ಸುಮಾರಿಗೆ ಅಮೆರಿಕದ ಸಿಯಾಟಲ್‌ನಲ್ಲಿ ಡಯಾಲಿಸಿಸ್ ಯಂತ್ರಗಳು ಕಡಿಮೆ ಇದ್ದವು, ರೋಗಿಗಳು ಹೆಚ್ಚಿದ್ದರು. ಯಾರಿಗೆ ಜಾಗ ಕೊಡಬೇಕೆಂದು ನಿರ್ಧರಿಸಲು 7 ಮಂದಿಯ ಸಮಿತಿ ಮಾಡಿದರು. ಅವರ ಹೆಸರನ್ನು ಗುಟ್ಟಾಗಿ ಇಟ್ಟಿದ್ದರು. ಮದುವೆ, ಮಕ್ಕಳು, ಸಂಪಾದನೆ, ಚರ್ಚಿಗೆ ಹೋಗುವ ರೂಢಿ ಎಲ್ಲವನ್ನೂ ಅಲ್ಲಿ ತೂಗುತ್ತಿದ್ದರು. ಅವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಆದರೆ ಇಲ್ಲ ಎನಿಸಿಕೊಂಡವನ ಪಕ್ಕ ಅವರಲ್ಲಿ ಯಾರೂ ಕೂರಬೇಕಾಗಿರಲಿಲ್ಲ. ನರ್ಸ್‌ಗೆ ಆ ಮರೆ ಇಲ್ಲ. ಅದನ್ನೇ ನಾನು ಈ ಕೆಲಸದ ದೊಡ್ಡ ಭಾಗ್ಯ ಎಂದು ಎಣಿಸುತ್ತೇನೆ.

ಕೂತು ಮಾಡುವ ಕೆಲಸ ಬೇಕಾದಷ್ಟಿದೆ. ಬಾಯಾರಿಕೆಯ ಬೇರು ಬಹಳ ಸಲ ಉಪ್ಪಿನಲ್ಲಿರುತ್ತದೆ. ಸುಮಾರು 9 ಗ್ರಾಂ ಉಪ್ಪು ಮೈ ಸೇರಿದರೆ ಅದು 1 ಲೀಟರ್ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಆ ನೀರು ಸಿಗುವವರೆಗೆ ಗಂಟಲನ್ನು ಒಣಗಿಸುತ್ತಲೇ ಇರುತ್ತದೆ. ಬರೀ ನೀರು ಕಡಿಮೆ ಮಾಡ್ರಿ ಎಂದು ಹೇಳಿ, ಉಪ್ಪಿನ ಮಾತು ಎತ್ತದೆ ಕಳಿಸುವುದು ರೋಗಿಯನ್ನು ಹಿಂಸಿಸಿದಂತೆ. ನಮ್ಮ ಊಟವನ್ನೇ ನೋಡಿ. ಜೋಳದ ರೊಟ್ಟಿಗೆ ಉಪ್ಪಿಲ್ಲದಿದ್ದರೂ ನಡೆಯುತ್ತದೆ, ಆದರೆ ಪಕ್ಕದಲ್ಲಿ ಶೇಂಗಾ ಹಿಂಡಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಸಂಜೆಗೆ ಮಿರ್ಚಿ ಭಜಿ. ಆದ್ದರಿಂದ ನಾನು ರೋಗಿಗಿಂತ ಮೊದಲು ಅಡುಗೆ ಮಾಡುವ ಸೊಸೆಯನ್ನೋ ಹೆಂಡತಿಯನ್ನೋ ಕರೆದು ಕೂರಿಸುತ್ತೇನೆ. ಬ್ಯಾಳಿ, ಪುಂಡಿಪಲ್ಯಗಳನ್ನು ಕುದಿಸಿದ ನೀರು ಚೆಲ್ಲಿ ಆಮೇಲೆ ಒಗ್ಗರಣೆ ಹಾಕಬೇಕು, ಪೊಟ್ಯಾಸಿಯಂ ಕಡಿಮೆಯಾಗುತ್ತದೆ. ಹುಳಿ, ಬೆಳ್ಳುಳ್ಳಿ, ಜೀರಿಗೆ ತುಸು ಮುಂದೆ ಮಾಡಿದರೆ ಉಪ್ಪಿನ ಕೊರತೆ ನಾಲಿಗೆಗೆ ಅಷ್ಟಾಗಿ ತಿಳಿಯುವುದಿಲ್ಲ. ಬಿ.ಪಿ.ಗೆ ಒಳ್ಳೆಯದೆಂದು ಮಾರುವ ಕಡಿಮೆ ಸೋಡಿಯಂ ಉಪ್ಪನ್ನು ಮಾತ್ರ ಇವರಿಗೆ ಕೊಡಲೇಬಾರದು. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತದೆ, ಅದು ಏರಿದರೆ ಎದೆ ಬಡಿತವೇ ನಿಲ್ಲಬಹುದು. ನೀರಿನಿಂದ ಬಾಯಿ ಮುಕ್ಕಳಿಸಿ ಉಗುಳುವುದು, ಹಸಿ ಬಟ್ಟೆಯಲ್ಲಿ ತುಟಿ ಒರೆಸುವುದು, ನಿಂಬೆಯ ಚೂರು ಚೀಪುವುದು, ಮಂಜುಗಡ್ಡೆಯ ತುಣುಕು ಬಾಯಲ್ಲಿಡುವುದು, ಗುಳಿಗೆಗಳನ್ನು ಊಟದ ನೀರಿನಲ್ಲೇ ನುಂಗುವುದು. ಒಂದೊಂದೂ ಸಣ್ಣದು. ಇವೆಲ್ಲ ಸೇರಿದರೆ ಒಂದು ಮಧ್ಯಾಹ್ನ ದಾಟುತ್ತದೆ.

ಶಹಾಪುರ ಸೀಮೆಯ ಒಬ್ಬ ಆಯಿ ನನಗೆ ದೊಡ್ಡ ಪಾಠ ಹೇಳಿದವಳು. ಅವಳು ಡಯಾಲಿಸಿಸ್‌ಗೆ ಬರುವಾಗ ಕೈಚೀಲದಲ್ಲಿ ಒಂದು ಹಿತ್ತಾಳೆಯ ಪಂಚಪಾತ್ರೆ, ಉದ್ಧರಣೆ ತರುತ್ತಿದ್ದಳು. ಮನೆಯ ಜಗಲಿಯ ಮೇಲಿನವು, ಅಂಚು ಸವೆದು ಹೊಳೆಯುತ್ತಿದ್ದವು. ದಿನಕ್ಕೆ ಎಷ್ಟು ಪಂಚಪಾತ್ರೆ ನೀರು ಎಂದು ನನ್ನಿಂದ ಅಳತೆ ಮಾಡಿಸಿಕೊಂಡಿದ್ದಳು. ಬಾಯಾರಿದಾಗ ಬಲ ಅಂಗೈಗೆ ಒಂದು ಉದ್ಧರಣೆ ಹಾಕಿಕೊಂಡು, ಕಣ್ಣು ಮುಚ್ಚಿ ತೆಗೆದುಕೊಂಡು, ಒದ್ದೆ ಬೆರಳನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಕೇಳಿದ್ದಕ್ಕೆ, "ತೀರ್ಥ ಯಾರರ ತಂಬಿಗಿ ತುಂಬ ಕುಡೀತಾರೇನವ್ವ? ಗುಡಿಯಾಗ ಒಂದ್ ಹನಿ ಸಾಕಾಗ್ತದ, ಮನ್ಯಾಗ ಯಾಕ ಸಾಕಾಗಬಾರದು?" ಎಂದಳು.

ಇದು ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. ಪಾದೋದಕ, ಗುಡಿಯ ತೀರ್ಥ, ಹಜ್ಜಿನಿಂದ ಬಂದವರು ಓಣಿಗೆಲ್ಲ ಹಂಚುವ ಜಮ್‌ಜಮ್, ಎಲ್ಲವೂ ಬರುವುದು ಗುಟುಕಿನ ಅಳತೆಯಲ್ಲಿ. ನೀರನ್ನು ಧಾರಾಳವಾಗಿ ಕೊಡಬೇಕು ಎಂದ ಧರ್ಮಗಳೇ, ನೀರು ಪವಿತ್ರವಾಗಬೇಕಾದಾಗ ಅದನ್ನು ಹನಿಯಾಗಿಸಿವೆ. ಆಯಿಯ ಬಾಯಾರಿಕೆ ಪೂರ್ತಿ ಹೋಯಿತೆಂದು ನಾನು ಹೇಳಲಾರೆ. ಆದರೆ ತನ್ನ ಅಳತೆಯನ್ನು ತಾನೇ ಹಿಡಿದಿದ್ದಳು. ಬೇರೆಯವರು ಹೇರಿದ ಉಪವಾಸ ಶಿಕ್ಷೆ, ತಾನೇ ಹಿಡಿದದ್ದು ವ್ರತ. ನರ್ಸ್ ಆದವಳು ಮೊದಲನೆಯದನ್ನು ಎರಡನೆಯದರ ಹತ್ತಿರಕ್ಕಾದರೂ ತರಲು ನೆರವಾಗಬೇಕು. ಎಲ್ಲರಿಂದ ಅದು ಆಗುವುದಿಲ್ಲ. ಬೇಸಿಗೆಯಲ್ಲಿ ಹೊಲದಿಂದ ಬಂದ ಕೂಲಿಯಾಳಿಗೆ ಉದ್ಧರಣೆ ಹಿಡಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಅವನಿಗೆ ನೆರಳಿನ ಕೆಲಸ ಹುಡುಕಿಕೊಡಿ ಎಂದು ಮನೆಯವರಿಗೆ ಹೇಳುತ್ತೇನೆ.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ನೀರಿನ ಈ ನಿಯಮಕ್ಕೆ ಒಂದು ಕೊನೆಯಿದೆ. ಹಿಂದೆ ಡಯಾಲಿಸಿಸ್ ಬೇಕಾದರೆ ನಮ್ಮವರು ಕಲಬುರಗಿ, ಸೊಲ್ಲಾಪುರ, ಹೈದರಾಬಾದಿಗೆ ಹೋಗಬೇಕಿತ್ತು, ಹೊಲ ಮಾರಿದವರೂ ಇದ್ದಾರೆ. 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂದ ಮೇಲೆ ಸರ್ಕಾರಿ ಆಸ್ಪತ್ರೆಗಳಲ್ಲೇ ಬಡವರಿಗೆ ಉಚಿತವಾಗಿ ಸಿಗುತ್ತಿದೆ. ಅದರಿಂದ ಎಷ್ಟೋ ಜೀವ ಉಳಿದಿವೆ. ಆದರೂ ಕೆಲವರಿಗೆ, ವಯಸ್ಸಾಗಿ, ಎದೆ ಸೋತು, ಯಂತ್ರದ ಮೇಲೆ ಮಲಗಿಸುವುದೇ ಹಿಂಸೆಯಾಗುವ ದಿನ ಬರುತ್ತದೆ. ಇನ್ನು ಸಾಕು ಎಂದು ಅವರೇ ಹೇಳುತ್ತಾರೆ. ಎಲ್ಲ ತಿಳಿದು ಹಾಗೆ ಹೇಳುವ ಹಕ್ಕು ರೋಗಿಗೆ ಇದೆ. ಘನತೆಯಿಂದ ಸಾಯುವುದು ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಹೇಳಿತು. ಅದನ್ನು ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು.

ರೋಗಿ ಸಾಕು ಎಂದ ದಿನದಿಂದ ನೀರಿನ ಲೆಕ್ಕದ ಪುಸ್ತಕ ಮುಚ್ಚಬೇಕು. ಬದುಕಿಗಾಗಿ ಹಾಕಿದ ಬೇಲಿಯನ್ನು ಬದುಕು ಮುಗಿಯುವಾಗ ತೆಗೆಯದಿದ್ದರೆ ಅದು ಬರೀ ಕ್ರೌರ್ಯ. ಉಸಿರು ಕಟ್ಟದ ಹಾಗೆ, ತಲೆದಿಂಬು ಎತ್ತರಿಸಿ, ಗುಟುಕು ಗುಟುಕಾಗಿ ಕೇಳಿದಾಗ ಕೊಡಬೇಕು. ಮಜ್ಜಿಗೆ ಕೇಳಿದರೆ ಮಜ್ಜಿಗೆ, ಎಳನೀರು ಕೇಳಿದರೆ ಎಳನೀರು. ಸಾಯುವವರ ಬಾಯಿಗೆ ನೀರು ಬಿಡುವುದನ್ನು ನಮ್ಮಲ್ಲಿ ಹಲವು ಮತಗಳು ಹೇಳಿವೆ. ಆದರೆ ಅದಕ್ಕಾಗಿ ಕೊನೆಯ ಗಳಿಗೆಯವರೆಗೆ ಕಾಯಬೇಕೆಂದು ಯಾವ ಮತವೂ ಹೇಳಿಲ್ಲ. ಸುರಪುರದ ಮುತ್ಯಾ ಯಂತ್ರ ಬಿಟ್ಟು ಮನೆಗೆ ಹೊರಟಾಗ ನಾನೇ ಲೋಟದಲ್ಲಿ ನೀರು ತಂದು ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು ನಿಧಾನಕ್ಕೆ ಕುಡಿದರು. ನನಗೆ ಕೈ ಮುಗಿದರು. ನಾನೂ ಮುಗಿದೆ.

ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮನೆ ನಿಮ್ಮ ಓಣಿಯಲ್ಲೂ ಇದ್ದೀತು. ನೋಡಲು ಹೋಗುವಾಗ ಎಳನೀರು, ಬಾಳೆಹಣ್ಣು, ಮೋಸಂಬಿ ಒಯ್ಯಬೇಡಿ, ಅವುಗಳ ಪೊಟ್ಯಾಸಿಯಂ ಅವರಿಗೆ ವಿಷ. ಒಂದು ಕಪ್ ಚಹಾದಿಂದ ಏನಾಗ್ತದ, ಕುಡೀರಿ ಎಂದು ಒತ್ತಾಯ ಮಾಡಬೇಡಿ. ನಿಮಗೆ ಕೊಟ್ಟ ನೀರನ್ನು ಅವರ ಕಣ್ಣೆದುರು ಗಟಗಟ ಕುಡಿಯಬೇಡಿ. ಮನೆಯಲ್ಲಿ ಒಬ್ಬರಿಗೆ ಉಪ್ಪು ಕಡಿಮೆ ಮಾಡಬೇಕಾದರೆ ಎಲ್ಲರ ಅಡುಗೆಗೂ ಕಡಿಮೆ ಮಾಡಿ, ಬೇರೆ ಗಡಿಗೆ ಇಟ್ಟು ಅವರನ್ನು ಬೇರೆ ಮಾಡಬೇಡಿ. ಮಠ, ದರ್ಗಾ, ಜಾತ್ರೆಗಳಲ್ಲಿ ದಾಸೋಹ ನಡೆಸುವವರು ಉಪ್ಪಿಲ್ಲದ ಒಂದು ಪಲ್ಯವನ್ನು ಪಕ್ಕದಲ್ಲಿ ಇಡಿ, ಹೊರಗೆ ಒಂದು ಹಲಗೆಯ ಮೇಲೆ ಬರೆದು ಹಾಕಿ. ಡಯಾಲಿಸಿಸ್ ಇಲ್ಲದ ದಿನ, ಮಧ್ಯಾಹ್ನ ಹನ್ನೆರಡರಿಂದ ನಾಲ್ಕರ ನಡುವೆ ಬಾಯಾರಿಕೆ ಬಹಳ ಕಾಡುತ್ತದೆ. ಆ ಹೊತ್ತಿಗೆ ಹೋಗಿ, ಒಂದು ತಾಸು ಅವರ ಜೊತೆ ಮಾತಾಡುತ್ತ ಕೂತು ಬನ್ನಿ.